ಯಂತ್ರವು ವಾಕ್ಯವನ್ನು ಓದುವ ಬಗೆ

ಹಳಗನ್ನಡದ ಪದ್ಯವೊಂದನ್ನು ತರಗತಿಯಲ್ಲಿ ಪಾಠ ಹೇಳುವ ಕ್ರಮವು ನಮ್ಮ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಮೊದಲು ಪದವಿಭಾಗ, ಆಮೇಲೆ ಅನ್ವಯ, ಕೊನೆಗೆ ತಾತ್ಪರ್ಯ. ಸಂಧಿಗಳಿಂದ ಬೆಸೆದುಕೊಂಡು ಒಂದೇ ಸರಪಣಿಯಂತೆ ಕಾಣುವ ಅಕ್ಷರಗಳನ್ನು ಮೊದಲು ಪದಗಳಾಗಿ ಬಿಡಿಸಬೇಕು. ಯಾವ ಪದವು ಯಾವುದಕ್ಕೆ ವಿಶೇಷಣ, ಯಾವ ಕರ್ತೃವಿಗೆ ಯಾವ ಕ್ರಿಯೆ ಎಂಬುದನ್ನು ಆ ಬಳಿಕ ಗೊತ್ತುಮಾಡಬೇಕು. ಇವೆರಡೂ ಮುಗಿಯುವವರೆಗೆ ಅರ್ಥದ ಮಾತನ್ನು ಎತ್ತುವಂತಿಲ್ಲ. ಪದವಿಭಾಗ ತಪ್ಪಿದರೆ ಅನ್ವಯವೂ ತಪ್ಪುತ್ತದೆ. ಅನ್ವಯ ತಪ್ಪಿದರೆ ಕವಿಯು ಹೇಳದ ಮಾತನ್ನು ನಾವು ಅವನ ಬಾಯಲ್ಲಿ ಹೇಳಿಸಿದಂತಾಗುತ್ತದೆ.

ಗಣಕಯಂತ್ರಕ್ಕೆ ನಾವು ಬರೆದುಕೊಡುವ ಪ್ರೋಗ್ರಾಮನ್ನು ಆ ಯಂತ್ರವು ಓದುವ ಕ್ರಮವೂ ಇದೇ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಆದರೆ ಒಂದು ಮುಖ್ಯವಾದ ವ್ಯತ್ಯಾಸವುಂಟು. ಪದ್ಯವನ್ನು ಓದುವ ನಮಗೆ ಸಂದರ್ಭಜ್ಞಾನವಿದೆ. ಕವಿಯ ಅಭಿಪ್ರಾಯವನ್ನು ಊಹಿಸಬಲ್ಲೆವು. ಯಂತ್ರಕ್ಕೆ ಊಹೆಯೆಂಬುದಿಲ್ಲ. ಬರೆದವನ ಮನಸ್ಸಿನಲ್ಲಿ ಏನಿತ್ತೆಂಬುದು ಅದಕ್ಕೆ ಬೇಕಾಗಿಯೂ ಇಲ್ಲ. ಮುಂಚಿತವಾಗಿ ಗೊತ್ತುಮಾಡಿದ ನಿಯಮಗಳು ಅಕ್ಷರಗಳನ್ನು ಹೇಗೆ ಕತ್ತರಿಸಿ ಹೇಗೆ ಜೋಡಿಸುವುವೋ ಅದೇ ಅದರ ಪಾಲಿಗೆ ಅರ್ಥ. ಆ ನಿಯಮಗಳು ಯಾವುವು, ಅವು ಎಷ್ಟರಮಟ್ಟಿಗೆ ಸಾಕಾಗುತ್ತವೆ, ಎಲ್ಲಿ ಅಪಾಯಕ್ಕೆ ಎಡೆಗೊಡುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಯಂತ್ರದ ಕಣ್ಣಿಗೆ ಕಾಣುವುದೇನು?

ಉದಾಹರಣೆಗೆ ಒಂದು ಸಾಲನ್ನು ತೆಗೆದುಕೊಳ್ಳೋಣ:

ಮೊತ್ತ = ಅಸಲು + ಬಡ್ಡಿ × ೧೨

ತಿಂಗಳ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿ ಅಸಲಿಗೆ ಕೂಡಿಸಿದರೆ ವರ್ಷದ ಕೊನೆಗೆ ಸಲ್ಲಬೇಕಾದ ಮೊತ್ತ ದೊರೆಯುತ್ತದೆ. (ಪ್ರೋಗ್ರಾಮಿನ ಭಾಷೆಗಳಲ್ಲಿ ಗುಣಾಕಾರಕ್ಕೆ ಸಾಮಾನ್ಯವಾಗಿ ನಕ್ಷತ್ರದ ಚಿಹ್ನೆಯನ್ನು ಬಳಸುವರು; ಓದುವ ಅನುಕೂಲಕ್ಕಾಗಿ ನಾವು ಶಾಲೆಯ ಚಿಹ್ನೆಯನ್ನೇ ಇಟ್ಟುಕೊಂಡಿದ್ದೇವೆ.) ಇಂತಹ ಹೆಸರುಗಳನ್ನು ಕನ್ನಡದಲ್ಲಿ ಬರೆಯುವುದು ಕೇವಲ ಕಲ್ಪನೆಯೂ ಅಲ್ಲ. ೨೦೦೮ರಲ್ಲಿ ಹೊರಬಂದ ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯು ಇದಕ್ಕೆ ಅವಕಾಶ ಕೊಟ್ಟಿದೆ.

ನಮಗೆ ಇದು ಒಂದು ವಾಕ್ಯ. ಯಂತ್ರಕ್ಕೆ ಬರಿಯ ಅಂಕಿಗಳ ಸಾಲು. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಪದ್ಧತಿಯಲ್ಲಿ 'ಅಸಲು' ಎಂಬುದು ೩೨೦೫, ೩೨೫೬, ೩೨೫೦, ೩೨೬೫ ಎಂಬ ನಾಲ್ಕು ಸಂಖ್ಯೆಗಳು. ಕೊನೆಯದು ಉಕಾರದ ಕೊಂಬಿನ ಸಂಖ್ಯೆ. ಪದಗಳ ನಡುವಣ ಖಾಲಿ ಜಾಗವೂ ಒಂದು ಸಂಖ್ಯೆಯೇ, ೩೨; ಕೂಡುವ ಚಿಹ್ನೆಯು ೪೩. ಪದವೆಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಆರಂಭವಾಯಿತು ಎಂಬ ಗುರುತು ಈ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಅದನ್ನು ಕಂಡುಹಿಡಿಯುವುದೇ ಮೊದಲನೆಯ ಕೆಲಸ.

ಪದವಿಭಾಗ

ಈ ಕೆಲಸ ಮಾಡುವ ಭಾಗಕ್ಕೆ ಲೆಕ್ಸರ್ ಎಂದು ಹೆಸರು, ನಾವು ಪದಚ್ಛೇದಕವೆನ್ನೋಣ. ಇದು ಅಕ್ಷರಗಳನ್ನು ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋಗುತ್ತದೆ. ಇದಕ್ಕೆ ದೊಡ್ಡ ನೆನಪಿನ ಶಕ್ತಿಯಿಲ್ಲ. ತಾನು ಈಗ ಯಾವ ಸ್ಥಿತಿಯಲ್ಲಿರುವೆನೆಂಬುದಷ್ಟೇ ಇದಕ್ಕೆ ಗೊತ್ತು. 'ಇನ್ನೂ ಏನನ್ನೂ ಆರಂಭಿಸಿಲ್ಲ' ಎಂಬುದು ಒಂದು ಸ್ಥಿತಿ, 'ಹೆಸರೊಂದರ ನಡುವೆ ಇದ್ದೇನೆ' ಎಂಬುದು ಇನ್ನೊಂದು, 'ಸಂಖ್ಯೆಯೊಂದರ ನಡುವೆ ಇದ್ದೇನೆ' ಎಂಬುದು ಮತ್ತೊಂದು. ಯಾವ ಸ್ಥಿತಿಯಲ್ಲಿ ಯಾವ ಅಕ್ಷರ ಬಂದರೆ ಯಾವ ಸ್ಥಿತಿಗೆ ಹೋಗಬೇಕೆಂಬ ಕೋಷ್ಟಕವನ್ನು ಮೊದಲೇ ಬರೆದಿಟ್ಟಿರುತ್ತಾರೆ.

೧ ಎಂಬ ಅಂಕಿಯನ್ನು ಕಂಡೊಡನೆ ಪದಚ್ಛೇದಕವು 'ಸಂಖ್ಯೆ'ಯ ಸ್ಥಿತಿಗೆ ಹೋಗುತ್ತದೆ. ಮುಂದೆ ೨ ಬಂದರೆ ಅಲ್ಲಿಯೇ ನಿಲ್ಲುತ್ತದೆ. ಆಮೇಲೆ ಅಂಕಿಯಲ್ಲದ ಏನಾದರೂ ಬಂದರೆ ಅಲ್ಲಿಗೆ ಒಂದು ಪದ ಮುಗಿಯಿತೆಂದು ತಿಳಿದು, 'ಸಂಖ್ಯೆ, ೧೨' ಎಂದು ಚೀಟಿ ಬರೆದು ಮುಂದಿನವರಿಗೆ ಒಪ್ಪಿಸುತ್ತದೆ. ಹನ್ನೆರಡು ಎಂಬುದು ಒಂದು ಮತ್ತು ಎರಡು ಎಂಬ ಎರಡು ಪದಗಳಾಗದೆ ಒಂದೇ ಪದವಾದುದು ಹೇಗೆ? 'ಸಾಧ್ಯವಿರುವಷ್ಟು ಉದ್ದವಾದ ಪದವನ್ನೇ ತೆಗೆದುಕೊಳ್ಳಬೇಕು' ಎಂಬ ನಿಯಮದಿಂದ. ಕನ್ನಡ ಓದುವಾಗ ನಾವೂ ಇದನ್ನು ತಿಳಿಯದೆಯೇ ಪಾಲಿಸುತ್ತೇವೆ. 'ಮರಳು' ಎಂದು ಬರೆದಿದ್ದರೆ 'ಮರ' ಎಂಬಲ್ಲಿಗೇ ನಿಲ್ಲಿಸಿ ಗಿಡಮರಗಳನ್ನು ನೆನೆಯುವುದಿಲ್ಲವಷ್ಟೆ! ಈ ರೀತಿಯಲ್ಲಿ ನಮ್ಮ ಸಾಲು ಏಳು ಚೀಟಿಗಳಾಗಿ ಹೊರಬೀಳುತ್ತದೆ: ಮೂರು ಹೆಸರುಗಳು, ಮೂರು ಚಿಹ್ನೆಗಳು, ಒಂದು ಸಂಖ್ಯೆ. ಖಾಲಿ ಜಾಗಗಳನ್ನು ಇಲ್ಲಿಯೇ ಬಿಸುಟುಬಿಡುವರು.

ಇಷ್ಟು ಸಣ್ಣ ಕೆಲಸದಲ್ಲಿ ಅಪಾಯವೇನಿದೆ ಎಂದು ಕೇಳಬಹುದು. ಫೋರ್ಟ್ರಾನ್ ಭಾಷೆಯ ಕಥೆಯು ಇದಕ್ಕೆ ಉತ್ತರ. ಜಾನ್ ಬಾಕಸ್ ಎಂಬವರ ಮುಂದಾಳುತನದಲ್ಲಿ ಐಬಿಎಂ ಸಂಸ್ಥೆಯವರು ೧೯೫೭ರಲ್ಲಿ ಹೊರತಂದ ಈ ಭಾಷೆಯು ವಿಜ್ಞಾನಿಗಳ ಲೆಕ್ಕಗಳಿಗಾಗಿ ಹುಟ್ಟಿದುದು. ಅದರಲ್ಲಿ ಪದಗಳ ನಡುವಣ ಖಾಲಿ ಜಾಗಕ್ಕೆ ಬೆಲೆಯೇ ಇರಲಿಲ್ಲ. ಒಂದು ಕೆಲಸವನ್ನು ಹತ್ತು ಸಲ ಮಾಡಿಸಬೇಕಾದರೆ,

ಡೂ ೧೦ ಐ = ೧, ೧೦

ಎಂಬಂತೆ ಬರೆಯುತ್ತಿದ್ದರು. 'ಹತ್ತನೆಯ ಗುರುತಿನ ಸಾಲಿನವರೆಗಿನ ಆಜ್ಞೆಗಳನ್ನು, ಐ ಎಂಬುದರ ಬೆಲೆಯನ್ನು ಒಂದರಿಂದ ಹತ್ತರವರೆಗೆ ಏರಿಸುತ್ತ, ಪುನಃ ಪುನಃ ಮಾಡು' ಎಂದು ಇದರ ಅರ್ಥ. ಬರೆಯುವವನು ಕೈತಪ್ಪಿ ಅಲ್ಪವಿರಾಮದ ಬದಲು ಬಿಂದುವನ್ನಿಟ್ಟನೆನ್ನೋಣ. ಆಗ ಅದು 'ಡೂ೧೦ಐ = ೧.೧೦' ಎಂದಾಗುತ್ತದೆ. ಖಾಲಿ ಜಾಗಕ್ಕೆ ಬೆಲೆಯಿಲ್ಲವಾದುದರಿಂದ 'ಡೂ೧೦ಐ' ಎಂಬುದು ಒಂದು ಹೆಸರು. ಅದಕ್ಕೆ ಒಂದು ಬಿಂದು ಹತ್ತು ಎಂಬ ಬೆಲೆ! ಹೆಸರುಗಳನ್ನು ಮುಂಚಿತವಾಗಿ ಘೋಷಿಸಬೇಕೆಂಬ ಕಟ್ಟುಪಾಡೂ ಆ ಭಾಷೆಯಲ್ಲಿರಲಿಲ್ಲ. ಆದುದರಿಂದ ಯಂತ್ರವು ತಪ್ಪೆಂದು ಹೇಳದೆ, ಕೆಲಸವನ್ನು ಹತ್ತು ಸಲದ ಬದಲು ಒಂದೇ ಸಲ ಮಾಡಿ, ತಪ್ಪು ಉತ್ತರವನ್ನು ಕೊಟ್ಟು ಸುಮ್ಮನಾಗುತ್ತದೆ.

೧೯೬೨ರ ಜುಲೈ ೨೨ರಂದು ಶುಕ್ರಗ್ರಹದ ಕಡೆಗೆ ಹೊರಟು ಕೆಲವೇ ನಿಮಿಷಗಳಲ್ಲಿ ನಾಶವಾದ ಅಮೆರಿಕದ ಮ್ಯಾರಿನರ್-೧ ನೌಕೆಯ ಅಪಘಾತಕ್ಕೆ ಇದೇ ಕಾರಣವೆಂದು ಎಷ್ಟೋ ಪುಸ್ತಕಗಳಲ್ಲಿ ಬರೆದಿದೆ. ಅದು ಸರಿಯಲ್ಲ. ಅಲ್ಲಿ ರೇಡಿಯೋ ಉಪಕರಣದ ದೋಷದ ಜೊತೆಗೆ, ಮಾರ್ಗದರ್ಶಕ ಸಮೀಕರಣವೊಂದರ ನಕಲಿನಲ್ಲಿ ಅಕ್ಷರದ ಮೇಲೆ ಇರಬೇಕಾದ ಒಂದು ಅಡ್ಡಗೆರೆ ಬಿಟ್ಟುಹೋಗಿತ್ತು. ಕಥೆ ಬೇರೆಯಾದರೂ ಅದರ ನೀತಿ ಒಂದೇ: ಚಿಕ್ಕ ಗುರುತೊಂದರ ಲೋಪವು ದೊಡ್ಡ ನೌಕೆಯನ್ನು ಕೆಡವಬಲ್ಲುದು. ಫೋರ್ಟ್ರಾನ್ ಭಾಷೆಯಲ್ಲಿ ಖಾಲಿ ಜಾಗಕ್ಕೆ ಬೆಲೆ ಕೊಡುವ ಹೊಸ ಬರವಣಿಗೆಯ ಕ್ರಮ ಜಾರಿಗೆ ಬಂದುದು ೧೯೯೧ರಲ್ಲಿ.

ಅಚ್ಚುಗಳು ಮತ್ತು ಅವುಗಳ ಹೊಂದಿಕೆ

ಸಂಖ್ಯೆಯೆಂದರೆ ಯಾವ ಆಕಾರದ್ದು, ಹೆಸರೆಂದರೆ ಯಾವ ಆಕಾರದ್ದು ಎಂಬುದನ್ನು ಪದಚ್ಛೇದಕಕ್ಕೆ ತಿಳಿಸುವುದು ಹೇಗೆ? ಇದಕ್ಕೆ ಮೂರೇ ಮೂರು ಸಾಧನಗಳು ಸಾಕು. ಒಂದು, 'ಇದಾದ ಮೇಲೆ ಅದು' ಎಂಬ ಅನುಕ್ರಮ. ಎರಡು, 'ಇದು ಅಥವಾ ಅದು' ಎಂಬ ವಿಕಲ್ಪ. ಮೂರು, 'ಇದು ಎಷ್ಟು ಸಲವಾದರೂ' ಎಂಬ ಆವೃತ್ತಿ. 'ಒಂದು ಅಂಕಿ, ಅದರ ಮುಂದೆ ಎಷ್ಟಾದರೂ ಅಂಕಿಗಳು' ಎಂದರೆ ಅದು ಪೂರ್ಣಾಂಕದ ಅಚ್ಚು. 'ಒಂದು ಅಕ್ಷರ, ಅದರ ಮುಂದೆ ಎಷ್ಟಾದರೂ ಅಕ್ಷರ ಅಥವಾ ಅಂಕಿಗಳು' ಎಂದರೆ ಅದು ಹೆಸರಿನ ಅಚ್ಚು.

ಈ ಮೂರು ಸಾಧನಗಳ ಮೂಲವು ಗಣಕಯಂತ್ರದಲ್ಲಿಲ್ಲ. ನರಶಾಸ್ತ್ರದಲ್ಲಿದೆ ಎಂಬುದು ಕುತೂಹಲದ ಸಂಗತಿ. ಮಕಲಕ್ ಮತ್ತು ಪಿಟ್ಸ್ ಎಂಬ ವಿದ್ವಾಂಸರು ೧೯೪೩ರಲ್ಲಿ ಮೆದುಳಿನ ನರಕೋಶಗಳಿಗೆ ಒಂದು ಗಣಿತದ ಮಾದರಿಯನ್ನು ಕಲ್ಪಿಸಿದರು. ಅಂತಹ ನರಜಾಲವು ಯಾವ ಯಾವ ಘಟನಾವಳಿಗಳನ್ನು ಗುರುತಿಸಬಲ್ಲುದೆಂಬ ಪ್ರಶ್ನೆಯನ್ನು ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ ೧೯೫೧ರಲ್ಲಿ ಕೈಗೆತ್ತಿಕೊಂಡರು. ಮೇಲೆ ಹೇಳಿದ ಮೂರು ಸಾಧನಗಳಿಂದ ಕಟ್ಟಬಹುದಾದ ಪ್ರತಿಯೊಂದು ಅಚ್ಚನ್ನೂ ಮಿತವಾದ ಸ್ಥಿತಿಗಳುಳ್ಳ ಯಂತ್ರವು ಗುರುತಿಸಬಲ್ಲುದು. ಅಂತಹ ಯಂತ್ರವು ಗುರುತಿಸಬಲ್ಲುದೆಲ್ಲವನ್ನೂ ಆ ಮೂರರಿಂದಲೇ ಕಟ್ಟಬಹುದು. ಇದು ಅವರು ಕಂಡ ಸಿದ್ಧಾಂತ. 'ಎಷ್ಟು ಸಲವಾದರೂ' ಎಂಬುದಕ್ಕೆ ಅವರು ಬಳಸಿದ ನಕ್ಷತ್ರದ ಗುರುತು ಇಂದಿಗೂ ಬಳಕೆಯಲ್ಲಿದೆ.

ಅಚ್ಚಿಗೂ ಅಕ್ಷರಗಳ ಸಾಲಿಗೂ ಹೊಂದಿಕೆಯಾಗುವುದೇ ಎಂದು ನೋಡಲು ಎರಡು ದಾರಿಗಳುಂಟು. ಕವಲೊಡೆದ ಕಾಡುದಾರಿಯಲ್ಲಿ ಒಬ್ಬನೇ ಹೋಗುವವನು ಒಂದು ಕವಲನ್ನು ಹಿಡಿದು ಕೊನೆಯವರೆಗೆ ಹೋಗಿ, ದಾರಿ ಮುಚ್ಚಿದ್ದರೆ ಹಿಂದಿರುಗಿ ಬಂದು ಮತ್ತೊಂದು ಕವಲನ್ನು ಹಿಡಿಯುತ್ತಾನೆ. ಇದು ಮೊದಲನೆಯ ದಾರಿ. ಹಲವರ ತಂಡವಾದರೆ ಪ್ರತಿ ಕವಲಿನಲ್ಲಿಯೂ ಹಂಚಿಕೊಂಡು ಎಲ್ಲರೂ ಒಂದೇ ಹೆಜ್ಜೆಯಲ್ಲಿ ಮುಂದೆ ಸಾಗಬಹುದು. ಇಬ್ಬರು ಒಂದೇ ಸ್ಥಳದಲ್ಲಿ ಕೂಡಿದರೆ ಒಬ್ಬನು ಸಾಕೆಂದು ಇನ್ನೊಬ್ಬನನ್ನು ಬಿಡಬಹುದು. ಇದು ಎರಡನೆಯ ದಾರಿ. ಅಮೆರಿಕದ ಕೆನ್ ಥಾಂಪ್ಸನ್ ೧೯೬೮ರಲ್ಲಿ ಪ್ರಕಟಿಸಿದ ಕ್ರಮವು ಈ ಎರಡನೆಯದು. ಅಚ್ಚಿನಲ್ಲಿರುವ ಸ್ಥಳಗಳು ಮಿತವಾದುದರಿಂದ ತಂಡವು ಎಂದಿಗೂ ಆ ಮಿತಿಯನ್ನು ಮೀರಿ ಬೆಳೆಯುವುದಿಲ್ಲ.

ಮೊದಲನೆಯ ದಾರಿಯು ಸಾಮಾನ್ಯವಾಗಿ ವೇಗವಾಗಿಯೇ ಸಾಗಿದರೂ ಕೆಲವು ಅಚ್ಚುಗಳಲ್ಲಿ ಭೀಕರವಾಗಿ ಕೆಡುತ್ತದೆ. 'ಒಂದು ಅಥವಾ ಹೆಚ್ಚು ಅಕಾರಗಳ ಗುಂಪು, ಅಂತಹ ಗುಂಪುಗಳು ಒಂದು ಅಥವಾ ಹೆಚ್ಚು, ಕೊನೆಗೆ ಒಂದು ಕಕಾರ' ಎಂಬ ಅಚ್ಚನ್ನು ಕೊಟ್ಟು, ೩೦ ಅಕಾರಗಳನ್ನು ಮಾತ್ರ ಬರೆದು, ಕಕಾರವನ್ನು ಬಿಟ್ಟಿದ್ದೇವೆನ್ನೋಣ. ಮೂವತ್ತು ಅಕಾರಗಳನ್ನು ಗುಂಪುಗಳಾಗಿ ವಿಂಗಡಿಸುವ ಬಗೆಗಳು ಎಷ್ಟು? ಅಕ್ಷರಗಳ ನಡುವಣ ೨೯ ಸಂದುಗಳಲ್ಲಿ ಪ್ರತಿಯೊಂದರಲ್ಲಿಯೂ ಕತ್ತರಿಸಬಹುದು ಅಥವಾ ಬಿಡಬಹುದು. ಎರಡನ್ನು ಇಪ್ಪತ್ತೊಂಬತ್ತು ಸಲ ಗುಣಿಸಿದರೆ ೫೩ ಕೋಟಿಗೂ ಹೆಚ್ಚು. ಒಂಟಿ ಪ್ರಯಾಣಿಕನು ಇವಷ್ಟನ್ನೂ ಸುತ್ತಿ ಬಂದ ಬಳಿಕವೇ 'ಹೊಂದುವುದಿಲ್ಲ' ಎನ್ನುತ್ತಾನೆ. ಥಾಂಪ್ಸನ್ನರ ತಂಡಕ್ಕೆ ಮೂವತ್ತು ಹೆಜ್ಜೆ ಸಾಕು.

ಇದು ಪುಸ್ತಕದ ಬದನೆಕಾಯಿಯಲ್ಲ. ೨೦೧೯ರ ಜುಲೈ ೨ರಂದು, ಅಂತರ್ಜಾಲದ ಅಸಂಖ್ಯ ತಾಣಗಳಿಗೆ ರಕ್ಷಣೆ ಒದಗಿಸುವ ಕ್ಲೌಡ್‌ಫ್ಲೇರ್ ಸಂಸ್ಥೆಯು ಹೊಸದಾಗಿ ಸೇರಿಸಿದ ಒಂದೇ ಒಂದು ಅಚ್ಚಿನಲ್ಲಿ ಇದೇ ಜಾತಿಯ ದೋಷವಿತ್ತು. ಅದರ ಯಂತ್ರಗಳೆಲ್ಲ ಹಿಂದಕ್ಕೂ ಮುಂದಕ್ಕೂ ಅಲೆಯುವುದರಲ್ಲಿಯೇ ತಮ್ಮ ಶಕ್ತಿಯನ್ನೆಲ್ಲ ವ್ಯಯಮಾಡಿದುವು. ಸುಮಾರು ಅರ್ಧ ಗಂಟೆಯ ಕಾಲ ಜಗತ್ತಿನಾದ್ಯಂತ ಆ ತಾಣಗಳನ್ನು ತೆರೆಯಹೋದವರಿಗೆ ದೋಷದ ಸೂಚನೆಯಲ್ಲದೆ ಬೇರೇನೂ ಕಾಣಲಿಲ್ಲ.

ಆವರಣಗಳ ತೊಡಕು

ಪದಗಳೇನೋ ದೊರೆತುವು. ಅನ್ವಯವನ್ನೂ ಇದೇ ಸ್ಥಿತಿಯಂತ್ರದಿಂದ ಮಾಡಿಸಬಾರದೇಕೆ? ಆಗದು. ಏಕೆ ಆಗದೆಂಬುದನ್ನು ಆವರಣ ಚಿಹ್ನೆಗಳಿಂದ ತಿಳಿಯಬಹುದು. ತೆರೆದ ಆವರಣಗಳೆಷ್ಟೋ ಮುಚ್ಚಿದವೂ ಅಷ್ಟೇ ಇರಬೇಕೆಂಬುದು ಗಣಿತದ ನಿಯಮ. ನೂರು ಸ್ಥಿತಿಗಳುಳ್ಳ ಒಂದು ಯಂತ್ರವು ಇದನ್ನು ಪರೀಕ್ಷಿಸಬಲ್ಲುದೆಂದು ಯಾರೋ ಸಾಧಿಸುತ್ತಿದ್ದಾರೆನ್ನೋಣ. ಅದಕ್ಕೆ ತೆರೆದ ಆವರಣಗಳನ್ನು ಮಾತ್ರ ಒಂದರ ಹಿಂದೆ ಒಂದರಂತೆ ನೂರು ಕೊಡೋಣ. ಒಂದನ್ನೂ ಓದದಿದ್ದಾಗಿನಿಂದ ಹಿಡಿದು ನೂರನ್ನು ಓದಿದವರೆಗೆ ಒಟ್ಟು ೧೦೧ ಸಂದರ್ಭಗಳಾದುವು, ಸ್ಥಿತಿಗಳು ನೂರೇ. ಹಾಗಾದರೆ ಯಾವುವಾದರೂ ಎರಡು ಸಂದರ್ಭಗಳಲ್ಲಿ ಯಂತ್ರವು ಒಂದೇ ಸ್ಥಿತಿಯಲ್ಲಿರಲೇಬೇಕು. ಮೂರನ್ನು ಓದಿದಾಗಲೂ ಎಂಟನ್ನು ಓದಿದಾಗಲೂ ಅದೇ ಸ್ಥಿತಿ ಎಂದಿಟ್ಟುಕೊಳ್ಳೋಣ. ಆ ಮೇಲೆ ಮೂರು ಮುಚ್ಚುವ ಆವರಣಗಳನ್ನು ಕೊಟ್ಟರೆ ಯಂತ್ರವು ಎರಡೂ ಕಡೆ ಒಂದೇ ಉತ್ತರವನ್ನು ಕೊಡುತ್ತದೆ. ಒಂದು ಕಡೆ ಆ ಉತ್ತರ ತಪ್ಪು. ಸ್ಥಿತಿಗಳನ್ನು ಲಕ್ಷಕ್ಕೆ ಏರಿಸಿದರೂ ಇದೇ ವಾದವು ಸಲ್ಲುತ್ತದೆ.

ಕೊರತೆಯಿರುವುದು ನೆನಪಿನದು. ಆದರೆ ಎಂತಹ ನೆನಪು ಬೇಕು? ಊಟದ ತಟ್ಟೆಗಳನ್ನು ಒಂದರ ಮೇಲೊಂದರಂತೆ ಅಟ್ಟಿಯಾಗಿ ಜೋಡಿಸಿದಾಗ ಕೊನೆಯಲ್ಲಿ ಇಟ್ಟುದನ್ನೇ ಮೊದಲು ತೆಗೆಯಬೇಕಷ್ಟೆ. ಅಂತಹ ಒಂದು ಅಟ್ಟಿಯನ್ನು ಯಂತ್ರದ ಕೈಗೆ ಕೊಟ್ಟರೆ ಸಾಕು. ತೆರೆದ ಆವರಣ ಬಂದಾಗ ಒಂದು ತಟ್ಟೆ ಇಡಬೇಕು; ಮುಚ್ಚುವ ಆವರಣ ಬಂದಾಗ ಒಂದನ್ನು ತೆಗೆಯಬೇಕು. ತೆಗೆಯಲು ತಟ್ಟೆಯೇ ಇಲ್ಲದಿದ್ದರೆ ಅಥವಾ ಕೊನೆಯಲ್ಲಿ ತಟ್ಟೆ ಉಳಿದಿದ್ದರೆ ವಾಕ್ಯವು ಅಶುದ್ಧ. ಸೂತ್ರಗಳನ್ನು ಬಿಡಿಸಲು ಈ ಅಟ್ಟಿಯ ತತ್ತ್ವವನ್ನು ಜರ್ಮನಿಯ ಬೌಎರ್ ಮತ್ತು ಸಾಮೆಲ್ಸನ್ ಎಂಬವರು ರೂಪಿಸಿ, ೧೯೫೭ರಲ್ಲಿ ಅದರ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು.

ಅನ್ವಯ ಮತ್ತು ವ್ಯಾಕರಣ

ಅನ್ವಯದ ಕೆಲಸ ಮಾಡುವ ಭಾಗಕ್ಕೆ ಪಾರ್ಸರ್ ಎಂದು ಹೆಸರು. ಇದಕ್ಕೆ ಆಧಾರವಾಗಿ ಒಂದು ವ್ಯಾಕರಣ ಬೇಕು. ನಮ್ಮ ಸಾಲಿನ ಬಲಭಾಗಕ್ಕೆ ಸಾಕಾಗುವ ವ್ಯಾಕರಣವನ್ನು ಮೂರು ಸೂತ್ರಗಳಲ್ಲಿ ಹೇಳಬಹುದು:

ಕೂಡಿಕೆ ಎಂದರೆ ಒಂದು ಗುಣಿಕೆ. ಅಥವಾ ಒಂದು ಕೂಡಿಕೆ, ಕೂಡುವ ಚಿಹ್ನೆ, ಒಂದು ಗುಣಿಕೆ.

ಗುಣಿಕೆ ಎಂದರೆ ಒಂದು ಘಟಕ. ಅಥವಾ ಒಂದು ಗುಣಿಕೆ, ಗುಣಿಸುವ ಚಿಹ್ನೆ, ಒಂದು ಘಟಕ.

ಘಟಕ ಎಂದರೆ ಒಂದು ಹೆಸರು. ಅಥವಾ ಒಂದು ಸಂಖ್ಯೆ. ಅಥವಾ ಆವರಣದೊಳಗಿನ ಒಂದು ಕೂಡಿಕೆ.

ಕೂಡಿಕೆಯ ಲಕ್ಷಣವನ್ನು ಹೇಳುವಾಗ ಕೂಡಿಕೆಯನ್ನೇ ಬಳಸಿದ್ದೇವೆ ಎಂಬುದನ್ನು ಗಮನಿಸಬೇಕು. ಇದರಿಂದಲೇ ಮೂರು ಸೂತ್ರಗಳು ಕೊನೆಯಿಲ್ಲದಷ್ಟು ವಾಕ್ಯಗಳನ್ನು ಒಳಗೊಳ್ಳಬಲ್ಲುವು. ಇನ್ನೊಂದು ವಿಶೇಷವೂ ಇದೆ. 'ಗುಣಾಕಾರವನ್ನು ಮೊದಲು ಮಾಡು' ಎಂದು ನಾವು ಎಲ್ಲಿಯೂ ಹೇಳಿಲ್ಲ. ಆದರೂ 'ಅಸಲು + ಬಡ್ಡಿ × ೧೨' ಎಂಬುದನ್ನು ಈ ಸೂತ್ರಗಳಂತೆ ಒಂದೇ ಬಗೆಯಲ್ಲಿ ಬಿಡಿಸಲು ಬರುತ್ತದೆ: 'ಬಡ್ಡಿ × ೧೨' ಎಂಬುದು ಒಂದು ಗುಣಿಕೆ, ಅದು ಅಸಲಿನೊಡನೆ ಕೂಡುತ್ತದೆ. 'ಅಸಲು + ಬಡ್ಡಿ' ಎಂಬುದು ಆವರಣವಿಲ್ಲದೆ ಗುಣಿಕೆಯಾಗಲಾರದು. ಈ ಬಿಡಿಸುವಿಕೆಯನ್ನು ಚಿತ್ರವಾಗಿ ಬರೆದರೆ ತಲೆಕೆಳಗಾದ ಮರದಂತಿರುತ್ತದೆ. ಮೇಲೆ ಬೇರಿನಲ್ಲಿ ಕೂಡುವ ಚಿಹ್ನೆ. ಅದರ ಒಂದು ಕೊಂಬೆ ಅಸಲು, ಇನ್ನೊಂದು ಕೊಂಬೆಯಲ್ಲಿ ಗುಣಿಸುವ ಚಿಹ್ನೆ. ಅದರ ಕೆಳಗೆ ಬಡ್ಡಿ ಮತ್ತು ಹನ್ನೆರಡು.

ಅಸಲು ೧,೦೦೦ ರೂಪಾಯಿ, ತಿಂಗಳ ಬಡ್ಡಿ ೧೦ ರೂಪಾಯಿ ಆಗಿದ್ದರೆ ಮೊತ್ತವು ೧,೧೨೦ ರೂಪಾಯಿ. ಮರವನ್ನು ತಪ್ಪಾಗಿ ಕಟ್ಟಿ ಮೊದಲು ಕೂಡಿಸಿ ಆಮೇಲೆ ಗುಣಿಸಿದ್ದರೆ ೧೨,೧೨೦ ರೂಪಾಯಿ! ಪದಗಳು ಅವೇ, ಅವುಗಳ ಕ್ರಮವೂ ಅದೇ. ಅನ್ವಯ ಮಾತ್ರ ಬೇರೆ. ಸಾಲ ಮಾಡಿದವನ ಪಾಲಿಗೆ ಇದು ಸಣ್ಣ ವ್ಯತ್ಯಾಸವೆನ್ನಲಾದೀತೆ?

ಇಂತಹ ಸೂತ್ರರೂಪದ ವ್ಯಾಕರಣವನ್ನು ಬಾಕಸ್ ೧೯೫೯ರಲ್ಲಿ ಪ್ಯಾರಿಸ್ಸಿನ ಸಮ್ಮೇಳನವೊಂದರಲ್ಲಿ ಮಂಡಿಸಿದರು. ಡೆನ್ಮಾರ್ಕಿನ ಪೀಟರ್ ನೌರ್ ಅದನ್ನು ಪರಿಷ್ಕರಿಸಿ ೧೯೬೦ರ ಆಲ್ಗಾಲ್ ಭಾಷೆಯ ವರದಿಯಲ್ಲಿ ಬಳಸಿದರು. ಅಂದಿನಿಂದ ಇದಕ್ಕೆ ಅವರಿಬ್ಬರ ಹೆಸರು ನಿಂತಿದೆ. ಭಾಷೆಯನ್ನು ಕಿರಿದಾದ ಸೂತ್ರಗಳಿಂದ ಕಟ್ಟಿ ನಿಲ್ಲಿಸುವ ಈ ಕಲೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯಲ್ಲಿ ಮಾಡಿ ತೋರಿಸಿದ್ದನು. ಆದುದರಿಂದ ಇದನ್ನು ಪಾಣಿನಿ–ಬಾಕಸ್ ರೂಪವೆಂದು ಕರೆಯಬೇಕೆಂದು ಪೀಟರ್ ಇಂಗರ್ಮನ್ ಎಂಬವರು ೧೯೬೭ರಲ್ಲಿ ಸೂಚಿಸಿದರು.

ರೈಲು ನಿಲ್ದಾಣದ ಉಪಾಯ

ಈ ಮರವನ್ನು ಅಟ್ಟಿಯ ಸಹಾಯದಿಂದ ಕಟ್ಟುವ ಒಂದು ಸೊಗಸಾದ ಉಪಾಯವನ್ನು ಹಾಲೆಂಡಿನ ಡೈಕ್‌ಸ್ಟ್ರಾ ೧೯೬೧ರಲ್ಲಿ ವಿವರಿಸಿದರು. ರೈಲಿನ ಡಬ್ಬಿಗಳನ್ನು ಪಕ್ಕದ ಹಳಿಗೆ ಸರಿಸಿ ಕ್ರಮವನ್ನು ಬದಲಾಯಿಸುವ ನಿಲ್ದಾಣವನ್ನು ಇದು ಹೋಲುತ್ತದೆ. ಹೆಸರುಗಳೂ ಸಂಖ್ಯೆಗಳೂ ನೇರವಾಗಿ ಮುಂದಕ್ಕೆ ಸಾಗುತ್ತವೆ. ಚಿಹ್ನೆಗಳು ಪಕ್ಕದ ಹಳಿಯಲ್ಲಿ ಕಾಯುತ್ತವೆ. ಹೊಸ ಚಿಹ್ನೆ ಬಂದಾಗ, ಹಳಿಯ ತುದಿಯಲ್ಲಿ ಅದಕ್ಕಿಂತ ಹಿರಿಯದು ಅಥವಾ ಅದಕ್ಕೆ ಸಮನಾದುದು ಇದ್ದರೆ, ಅದು ಮೊದಲು ಮುಂದೆ ಹೋಗಬೇಕು. ಕಿರಿಯದಾದರೆ ಕಾಯುತ್ತಲೇ ಇರಬೇಕು.

ನಮ್ಮ ಸಾಲನ್ನು ಹೀಗೆ ಸಾಗಿಸೋಣ. ಅಸಲು ನೇರವಾಗಿ ಹೋಯಿತು. ಕೂಡುವ ಚಿಹ್ನೆ ಪಕ್ಕದ ಹಳಿಯಲ್ಲಿ ನಿಂತಿತು. ಬಡ್ಡಿ ಹೋಯಿತು. ಗುಣಿಸುವ ಚಿಹ್ನೆ ಬಂದಿತು. ಕಾದಿರುವ ಕೂಡುವ ಚಿಹ್ನೆ ಅದಕ್ಕಿಂತ ಕಿರಿಯದಾದುದರಿಂದ ಕದಲಲಿಲ್ಲ. ಗುಣಿಸುವ ಚಿಹ್ನೆಯೂ ಅದರ ಹಿಂದೆ ನಿಂತಿತು. ಹನ್ನೆರಡು ಹೋಯಿತು. ಸಾಲು ಮುಗಿದುದರಿಂದ ಹಳಿಯಲ್ಲಿ ಕೊನೆಗೆ ಬಂದ ಗುಣಿಸುವ ಚಿಹ್ನೆ ಮೊದಲು, ಕೂಡುವ ಚಿಹ್ನೆ ಆಮೇಲೆ ಹೊರಟುವು. ಕೊನೆಗೆ ದೊರೆತ ಕ್ರಮ ಇದು:

ಅಸಲು ಬಡ್ಡಿ ೧೨ × +

ಆವರಣವೂ ಬೇಡ, ಹಿರಿಕಿರಿಯರ ಪ್ರಶ್ನೆಯೂ ಇಲ್ಲ. ಸಂಖ್ಯೆ ಬಂದರೆ ಅಟ್ಟಿಯಲ್ಲಿಡು. ಚಿಹ್ನೆ ಬಂದರೆ ಮೇಲಿನ ಎರಡನ್ನು ತೆಗೆದು ಲೆಕ್ಕಮಾಡಿ ಉತ್ತರವನ್ನು ಅಲ್ಲಿಯೇ ಇಡು. ಇಷ್ಟೇ ಯಂತ್ರದ ಕೆಲಸ. ಈ ಬರವಣಿಗೆ ಕನ್ನಡಿಗರಿಗೆ ವಿಚಿತ್ರವಾಗಿ ತೋರಬೇಕಾಗಿಲ್ಲ. 'ಅಸಲಿಗೆ, ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿ, ಕೂಡಿಸು' ಎಂದು ನಾವು ಆಡುವ ಮಾತಿನ ಕ್ರಮವೇ ಇದು. ಕ್ರಿಯಾಪದವನ್ನು ಕೊನೆಯಲ್ಲಿಡುವ ನಮ್ಮ ಭಾಷೆಯ ರೀತಿಯು ಯಂತ್ರಕ್ಕೆ ಬಹಳ ಒಪ್ಪುವಂತಹುದು.

ಎರಡು ಅರ್ಥದ ವಾಕ್ಯಗಳು

'ಹಳೆಯ ಪುಸ್ತಕದ ಅಂಗಡಿ' ಎಂದರೆ ಹಳೆಯದು ಪುಸ್ತಕವೋ ಅಂಗಡಿಯೋ? ಎರಡು ಮರಗಳನ್ನು ಕಟ್ಟಬಹುದು. ಅಂಗಡಿಯನ್ನು ನೋಡಿದವರಿಗೆ ಸಂದೇಹವಿರುವುದಿಲ್ಲ. ಯಂತ್ರಕ್ಕೆ ನೋಡುವ ಕಣ್ಣಿಲ್ಲ. ಆಜ್ಞೆಗಳಲ್ಲಿ ಈ ಬಗೆಯ ಸಂದಿಗ್ಧತೆಯು ಇನ್ನೂ ಅಪಾಯಕರ. 'ಹಣವಿದ್ದರೆ, ಅಂಗಡಿ ತೆರೆದಿದ್ದರೆ ಅಕ್ಕಿ ತಾ. ಇಲ್ಲದಿದ್ದರೆ ಹಿಂದಕ್ಕೆ ಬಾ' ಎಂದು ಹುಡುಗನೊಬ್ಬನನ್ನು ಕಳುಹಿಸಿದೆವೆನ್ನೋಣ. 'ಇಲ್ಲದಿದ್ದರೆ' ಎಂಬುದು ಹಣಕ್ಕೆ ಸೇರಿದುದೋ ಅಂಗಡಿಗೆ ಸೇರಿದುದೋ? ಅಂಗಡಿಗೆ ಸೇರಿದುದಾದರೆ, ಹಣವಿಲ್ಲದ ಹುಡುಗನು ಏನು ಮಾಡಬೇಕೆಂಬುದಕ್ಕೆ ಆಜ್ಞೆಯೇ ಇಲ್ಲ. ಆಲ್ಗಾಲ್ ಭಾಷೆಯಲ್ಲಿಯೇ ಈ ತೊಡಕು ಕಾಣಿಸಿಕೊಂಡಿತು. ಸಿ ಭಾಷೆಯವರು, ಅದು ಹತ್ತಿರದ 'ಇದ್ದರೆ'ಗೆ ಸೇರತಕ್ಕದ್ದೆಂದು ನಿಯಮ ಮಾಡಿದರು. ಪೈಥಾನ್ ಭಾಷೆಯವರು, ಸಾಲುಗಳನ್ನು ಎಷ್ಟು ಒಳಕ್ಕೆ ಸರಿಸಿ ಬರೆದಿದೆಯೆಂಬುದರಿಂದಲೇ ಸಂಬಂಧವನ್ನು ನಿರ್ಣಯಿಸುತ್ತಾರೆ.

ಸಿ ಭಾಷೆಯಲ್ಲಾದರೋ ಒಳಕ್ಕೆ ಸರಿಸಿ ಬರೆಯುವುದು ಮನುಷ್ಯರ ಕಣ್ಣಿಗೆ ಮಾತ್ರ. ಯಂತ್ರವು ಅದನ್ನು ಲೆಕ್ಕಿಸುವುದಿಲ್ಲ. ೨೦೧೪ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ ಆಪಲ್ ಸಂಸ್ಥೆಯ ದೋಷವು ಇದಕ್ಕೆ ಪ್ರಸಿದ್ಧ ನಿದರ್ಶನ. ಅಂತರ್ಜಾಲದಲ್ಲಿ ಎದುರಿನ ತಾಣವು ನಿಜವಾದುದೇ ಎಂದು ಪರೀಕ್ಷಿಸುವ ಪ್ರೋಗ್ರಾಮಿನಲ್ಲಿ, 'ತಪ್ಪು ಕಂಡರೆ ಕೊನೆಗೆ ಹೋಗು' ಎಂಬ ಆಜ್ಞೆಯ 'ಕೊನೆಗೆ ಹೋಗು' ಎಂಬ ಸಾಲು ಎರಡು ಸಲ ಬಂದಿತ್ತು. ಎರಡನ್ನೂ ಒಳಕ್ಕೆ ಸರಿಸಿ ಬರೆದಿದ್ದುದರಿಂದ, ಎರಡೂ 'ತಪ್ಪು ಕಂಡರೆ' ಎಂಬುದರ ಅಡಿಯಲ್ಲಿಯೇ ಇರುವಂತೆ ಓದುವವರಿಗೆ ತೋರುತ್ತಿತ್ತು. ವ್ಯಾಕರಣದ ಪ್ರಕಾರ ಮೊದಲನೆಯದು ಮಾತ್ರ ಅದರ ಅಡಿಯಲ್ಲಿದ್ದು, ಎರಡನೆಯದು ಯಾವ ಷರತ್ತೂ ಇಲ್ಲದ ಸ್ವತಂತ್ರ ಆಜ್ಞೆಯಾಗಿತ್ತು. ಯಂತ್ರವು ತಪ್ಪಿರಲಿ ಇಲ್ಲದಿರಲಿ ಕೊನೆಗೆ ಹಾರಿತು. ಮುಖ್ಯವಾದ ರುಜುವಿನ ಪರೀಕ್ಷೆ ನಡೆಯಲೇ ಇಲ್ಲ. ಸಂಸ್ಥೆಯ ಫೋನುಗಳೂ ಗಣಕಗಳೂ ಮೋಸದ ತಾಣಗಳನ್ನು ನಿಜವೆಂದು ನಂಬುವ ಸ್ಥಿತಿಯಲ್ಲಿದ್ದುವು.

ಒಂದು ವ್ಯಾಕರಣವನ್ನು ಕೊಟ್ಟರೆ, ಅದರಲ್ಲಿ ಎರಡು ಅರ್ಥದ ವಾಕ್ಯವುಂಟೋ ಇಲ್ಲವೋ ಎಂದು ತಪ್ಪದೆ ಹೇಳಬಲ್ಲ ಒಂದು ಸಾರ್ವತ್ರಿಕ ವಿಧಾನವನ್ನು ಕಂಡುಹಿಡಿಯಬಹುದೆ? ಆಗದೆಂದು ಗಣಿತಜ್ಞರು ಸಾಧಿಸಿ ತೋರಿಸಿದ್ದಾರೆ. ಇದು ಜಾಣತನದ ಕೊರತೆಯಲ್ಲ, ತರ್ಕದ ಮಿತಿ. ಆದರೆ ಹತಾಶರಾಗಬೇಕಾಗಿಲ್ಲ. ಡೊನಾಲ್ಡ್ ಕ್ನೂತ್ ೧೯೬೫ರಲ್ಲಿ, ವ್ಯಾಕರಣಗಳ ಒಂದು ದೊಡ್ಡ ವರ್ಗವನ್ನು ಗುರುತಿಸಿದರು. ಆ ವರ್ಗದ ವಾಕ್ಯಗಳನ್ನು ಒಂದೇ ಸಲ ಓದುತ್ತ, ಎಲ್ಲಿಯೂ ಹಿಂದಿರುಗದೆ ಬಿಡಿಸಬಹುದು. ಸಾಲು ಇಮ್ಮಡಿಯಾದರೆ ಶ್ರಮವೂ ಸುಮಾರು ಇಮ್ಮಡಿ ಮಾತ್ರ. ಆ ವರ್ಗದಲ್ಲಿ ಎರಡು ಅರ್ಥಕ್ಕೆ ಎಡೆಯೇ ಇಲ್ಲ. ಈ ತತ್ತ್ವದ ಮೇಲೆ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ರಚಿಸಿದ ಯಾಕ್ ಎಂಬ ಸಾಧನಕ್ಕೆ ವ್ಯಾಕರಣವನ್ನು ಕೊಟ್ಟರೆ ಪಾರ್ಸರನ್ನು ಅದೇ ಬರೆದುಕೊಡುತ್ತದೆ. ಸಂದೇಹವಿರುವ ಕಡೆಗಳನ್ನು ಎತ್ತಿ ತೋರಿಸುತ್ತದೆ. ಅದರ ಜೊತೆಗಾರನಾದ ಲೆಕ್ಸ್ ಎಂಬುದು ಪದಚ್ಛೇದಕವನ್ನು ಬರೆದುಕೊಡುತ್ತದೆ. ಇವೆರಡೂ ೧೯೭೫ರ ವೇಳೆಗೆ ಬಳಕೆಗೆ ಬಂದುವು.

ಮರದ ಮೇಲೆ ಅಚ್ಚು

ಮರವು ಸಿದ್ಧವಾದ ಮೇಲೆ, ಅಚ್ಚಿನ ಹೊಂದಿಕೆಯು ಮತ್ತೆ ಕೆಲಸಕ್ಕೆ ಬರುತ್ತದೆ. ಆದರೆ ಅಕ್ಷರಗಳ ಸಾಲಿನ ಮೇಲಲ್ಲ, ಮರದ ಆಕಾರದ ಮೇಲೆ. 'ಗುಣಿಸುವ ಚಿಹ್ನೆ, ಅದರ ಒಂದು ಕೊಂಬೆಯಲ್ಲಿ ೧, ಇನ್ನೊಂದರಲ್ಲಿ ಏನಾದರೂ' ಎಂಬ ಅಚ್ಚಿಗೆ ಹೊಂದುವ ಭಾಗ ಎಲ್ಲಿ ಕಂಡರೂ ಅದನ್ನು ಕಡಿದು, 'ಏನಾದರೂ' ಎಂಬುದನ್ನಷ್ಟೇ ಉಳಿಸಬಹುದು. ಯಂತ್ರದ ಶ್ರಮ ಅಷ್ಟು ಕಡಮೆಯಾಯಿತು. ಬೀಜಗಣಿತದ ಸೂತ್ರಗಳನ್ನು ಬಳಸಿ ನಾವು ಸಮೀಕರಣವನ್ನು ಸರಳಗೊಳಿಸುವ ರೀತಿಯೇ ಇದು. ಎಂ.ಎಲ್., ಹ್ಯಾಸ್ಕೆಲ್ ಮೊದಲಾದ ಭಾಷೆಗಳು ಈ ಸೌಕರ್ಯವನ್ನು ಪ್ರೋಗ್ರಾಮು ಬರೆಯುವವರ ಕೈಗೇ ಕೊಟ್ಟುವು. ೨೦೨೧ರಲ್ಲಿ ಪೈಥಾನ್ ಭಾಷೆಗೂ ಇದು ಬಂದಿತು. ಎಂ.ಎಲ್. ಜಾತಿಯ ಭಾಷೆಗಳಲ್ಲಿ ಇನ್ನೊಂದು ಉಪಕಾರವೂ ಉಂಟು. ಬರಬ��ುದಾದ ಆಕಾರಗಳಲ್ಲಿ ಯಾವುದಾದರೊಂದಕ್ಕೆ ಅಚ್ಚನ್ನು ಬರೆಯಲು ಮರೆತಿದ್ದರೆ, ಪ್ರೋಗ್ರಾಮು ನಡೆಯುವುದಕ್ಕೆ ಮೊದಲೇ ಅವು ಎಚ್ಚರಿಸುತ್ತವೆ.

ಇಲ್ಲಿಯವರೆಗೆ ನೋಡಿದ ಅವಘಡಗಳಲ್ಲಿ ಯಂತ್ರವು ಎಲ್ಲಿಯೂ ತನ್ನ ನಿಯಮವನ್ನು ಮೀರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಮನುಷ್ಯನು ಒಂದು ಅನ್ವಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನು. ನಿಯಮವು ಇನ್ನೊಂದನ್ನು ಕಟ್ಟಿತು. ಈ ಅಂತರವನ್ನು ತುಂಬುವ ಹೊಣೆ ಭಾಷೆಯನ್ನು ರೂಪಿಸುವವರದು ಅರ್ಧ, ಬರೆಯುವವರದು ಅರ್ಧ. ಮೊದಲಿನವರು, ಸಂದೇಹವಿದ್ದಲ್ಲಿ ಸುಮ್ಮನೆ ಏನೋ ಒಂದನ್ನು ಆರಿಸಿಕೊಳ್ಳದೆ ತಪ್ಪೆಂದು ಕೂಗಿ ಹೇಳುವ ವ್ಯಾಕರಣವನ್ನು ಕೊಡಬೇಕು. ಬರೆಯುವವರು, ತಮ್ಮ ಸಾಲನ್ನು ಯಂತ್ರವು ಯಾವ ಮರವಾಗಿ ಓದುತ್ತದೆಂಬುದನ್ನು ಅರಿತಿರಬೇಕು. ಸಂದೇಹವಿದ್ದರೆ ಒಂದು ಜೊತೆ ಆವರಣವನ್ನು ಹೆಚ್ಚಾಗಿ ಹಾಕುವುದಕ್ಕೆ ಜಿಪುಣತನ ಮಾಡಬಾರದು.

ಇದನ್ನು ಚೆನ್ನಾಗಿ ತಿಳಿಯಬೇಕೆಂಬ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಸೂಚಿಸಬಹುದು. '೮ − ೩ − ೨' ಎಂಬ ಸಾಲನ್ನು ಕಾಗದದ ಮೇಲೆ ಡೈಕ್‌ಸ್ಟ್ರಾ ಅವರ ಹಳಿಗಳಲ್ಲಿ ಸಾಗಿಸಿ ನೋಡಿರಿ. ಸಮಾನವಾದ ಚಿಹ್ನೆ ಹಳಿಯಲ್ಲಿದ್ದರೆ ಅದು ಮೊದಲು ಹೋಗಬೇಕೆಂಬ ನಿಯಮವನ್ನು ಪಾಲಿಸಿದರೆ ಉತ್ತರ ೩. ಆ ನಿಯಮವನ್ನು ಬಿಟ್ಟರೆ ಉತ್ತರ ೭. ಏಕೆ ಹಾಗಾಯಿತೆಂಬುದಕ್ಕೆ ಎರಡು ಮರಗಳನ್ನೂ ಬರೆದು ಕಾರಣ ಹೇಳಬಲ್ಲವರಿಗೆ ಈ ಶಾಸ್ತ್ರದ ಬಾಗಿಲು ತೆರೆಯಿತೆಂದೇ ತಿಳಿಯಬಹುದು.